ಇಪ್ಪತ್ತೊಂದಕ್ಕೆ ಏಳು ಕೂಡಿದರೆ

ಶಿವರಾತ್ರಿ ಕಳೆದು, ಚಳಿ ಶಿವಶಿವಾ ಎಂದು ಹೋದ ವಾರ
ನನ್ನ ಬೂದು ಹ್ಯಾಟೆ ಕಾವಿಗೆ ಬಂತು.
ಮುಟ್ಟಿದರೆ ಮೈ ಉಬ್ಬಿಸಿ ಕೊರ್ರೆನ್ನುವುದು,
ಬರಿಯ ನೆಲದ ಮೇಲೂ ಕೂರುವುದು,
ಹೊಲಿಗೆ ಮಿಷನ್ನಿನ ಕೆಳಗೆ ಬಿದ್ದ ದಾರದುಂಡೆಯನ್ನೂ
ಎದೆಗೆ ಎಳೆದುಕೊಳ್ಳುವುದು.

ಮಂಕರಿಗೆ ಭತ್ತದ ಹೊಟ್ಟು ಹಾಸಿದೆ.
ಗುಡುಗಿಗೆ ಕೆಡದಿರಲೆಂದು ಒಂದು ತುಕ್ಕು ಮೊಳೆ, ಒಂದು ಇದ್ದಿಲು.
ಮನೆಯ ಮೊಟ್ಟೆ ಏಳು.
ಮಲೇಬೆನ್ನೂರಿನ ಗದ್ದೆ ಕೂಳೆಯಲ್ಲಿ ಬಾತು ಮೇಯಿಸುವವರು
ಐದು ಕೊಟ್ಟರು, ತಿಳಿಹಸಿರು, ಅಂಗೈಗೆ ಭಾರ.
ಗಿನಿಕೋಳಿಯವು ಮೂರು, ಜಗಳೂರಿನ ತಂಗಿ
ಸಜ್ಜೆಯ ಡಬ್ಬಿಯಲ್ಲಿ ಹುಗಿದು ಬಸ್ಸಿಗೆ ಹಾಕಿದ್ದು.
ಒಟ್ಟು ಹದಿನೈದು. ಬೆಸ. ಒಳ್ಳೆಯದೇ.
ಒಂದೇ ದಿನ, ಒಂದೇ ಹೊತ್ತಿಗೆ ಎಲ್ಲವನ್ನೂ ಇಟ್ಟೆ.

ಲೆಕ್ಕದಲ್ಲಿ ಗಟ್ಟಿ ಅಂದುಕೊಂಡಿದ್ದವಳು ನಾನು:
ಮಂಡಕ್ಕಿ ಚೀಲ ಇಷ್ಟು, ಹೊಲಿದದ್ದು ಇಷ್ಟು, ಬರಬೇಕಾದ್ದು ಇಷ್ಟು.
ಬಾತಿಗೆ ಇಪ್ಪತ್ತೆಂಟು ದಿನ ಬೇಕೆಂಬುದು
ಯಾರ ಬಾಯಿಂದಲೂ ಬರಲಿಲ್ಲ.
ಕೇಳಿದ್ದರಲ್ಲವೇ ಬರುವುದು.

ಇಪ್ಪತ್ತೊಂದನೆಯ ಬೆಳಗ್ಗೆ
ಹೊಂಗೆಯ ಹೂ ಉದುರಿ, ಚರಂಡಿಯ ಕಲ್ಲಿನ ಮೇಲೆ
ಯಾರೋ ಅರಳು ಚೆಲ್ಲಿ ಹೋದಂತಿತ್ತು.
ಆರು ಮರಿ ಒಡೆದು ಬಂದವು, ಏಳನೆಯದು ಗೊಡ್ಡು.
ಹೊತ್ತೇರುವ ತನಕ ಕಾಯಿತು ಹ್ಯಾಟೆ,
ಆಮೇಲೆ ಎದ್ದು, ಆರನ್ನೂ ಕರೆದುಕೊಂಡು
ಅಂಗಳಕ್ಕೆ ಹೋಯಿತು. ತಿರುಗಿ ನೋಡಲಿಲ್ಲ.
ಹಿಡಿದು ತಂದು ಕೂರಿಸಿದೆ. ಎದ್ದಿತು.
ಬುಟ್ಟಿ ಕವುಚಿದೆ. ಒಳಗೇ ನಿಂತಿತು, ಕೂರಲಿಲ್ಲ.
ಅದರ ಲೆಕ್ಕ ಅದಕ್ಕೆ ಮುಗಿದಿತ್ತು.

ಆರುತ್ತಿದ್ದ ಎಂಟನ್ನು ಸೆರಗಿಗೆ ಕಟ್ಟಿಕೊಂಡು
ಮಂಡಕ್ಕಿ ಭಟ್ಟಿಗೆ ಓಡಿದೆ.
ಜೈತುನ್‌ಬಿ ಜರಡಿ ಕೆಳಗಿಟ್ಟಳು.
ಒಂದನ್ನು ಎತ್ತಿ, ಕಣ್ಣು ಮುಚ್ಚಿ,
ರೆಪ್ಪೆಯ ಮೇಲೆ ಇಟ್ಟುಕೊಂಡಳು.
“ಇನ್ನೂ ಜೀವ ಐತಿ. ಒಳಗೆ ಯಾರೋ ಹೊಳ್ಳಿದ್ರು.”

ಭಟ್ಟಿಯ ಹಿಂಗೋಡೆಯಲ್ಲೊಂದು ಗೂಡು,
ಕಾದ ಮರಳಿನ ಬಿಸಿ ಇಟ್ಟಿಗೆ ದಾಟಿ ಬರುವಷ್ಟರಲ್ಲಿ
ಕೋಳಿಯ ಹೊಟ್ಟೆಯಷ್ಟೇ ಆಗುವ ಜಾಗ.
ಗೋಣಿತಾಟು ಮಡಿಸಿ ಹಾಸಿದಳು.
ದಿನಕ್ಕೆ ಮೂರು ಸಲ ಹೊರಳಿಸಿದಳು,
ಬೆರಳದ್ದಿ ನೀರು ಚಿಮುಕಿಸಿದಳು,
ಸುಟ್ಟೀತೆಂದರೆ ರೆಪ್ಪೆ, ಆರೀತೆಂದರೆ ರೆಪ್ಪೆ.
ಅವಳ ಕಣ್ಣ ಸುತ್ತ ಭಟ್ಟಿಯ ಮಸಿ;
ಒಂದೊಂದು ಮೊಟ್ಟೆಯ ಮೇಲೂ ಒಂದು ಕಪ್ಪು ಚುಕ್ಕೆ,
ದೃಷ್ಟಿಬೊಟ್ಟು ಇಟ್ಟಂತೆ.

ಶುಕ್ರವಾರ ಭಟ್ಟಿ ಆರಿಸುವ ದಿನ.
ಎಂಟನ್ನೂ ದುಪ್ಪಟಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು
ಮಧ್ಯಾಹ್ನವೆಲ್ಲ ಕೂತೇ ಇದ್ದಳಂತೆ.
“ಕೆಮ್ಮಾಕೂ ಅಂಜಿಕಿ ಆತು ನೋಡು” ಅಂದಳು.

ಇಪ್ಪತ್ತೇಳಕ್ಕೆ ಗಿನಿ ಎರಡು, ಕಡ್ಡಿಪೆಟ್ಟಿಗೆಯ ಕಡ್ಡಿಯಂಥ ಕಾಲು.
ಮರುದಿನ ರಾತ್ರಿ ಬಾತು ನಾಲ್ಕು.
ಅವು ಮೊದಲು ಕಂಡದ್ದು ಬುಡೇನ್‌ಸಾಬನನ್ನು,
ಒಲೆಗೆ ಹೊಟ್ಟು ತಳ್ಳುತ್ತಿದ್ದವನ ನೀಲಿ ಚೌಕಡಿ ಲುಂಗಿಯನ್ನು.
ಅಂದಿನಿಂದ ಆ ಲುಂಗಿಯೇ ತಾಯಿ.
ಚಹಾಕ್ಕೆ ಹೊರಟರೆ ಹಿಂದೆ ಸಾಲು,
ನಮಾಜಿಗೆ ಹೊರಟರೂ ಸಾಲು.
ಅರವತ್ತರ ಗಂಡಸು ಮಸೀದಿಯ ಮೆಟ್ಟಿಲಲ್ಲಿ ಬಗ್ಗಿ ಬೇಡುತ್ತಾನೆ:
“ಹೋಗ್ರವ್ವಾ, ಮನಿಗೆ ಹೋಗ್ರಿ.”

ಯುಗಾದಿಯ ಬೇವು ಬಾಗಿಲಲ್ಲಿ ಇನ್ನೂ ಒಣಗಿರಲಿಲ್ಲ,
ಕೋಳಿಮರಿಯೊಂದನ್ನು ಕಾಗೆ ಒಯ್ದಿತು.
ಅದೇ ಸಂಜೆ ಓಣಿಯಲ್ಲಿ ಹ್ಯಾಟೆಗೆ ಸಾಲು ಎದುರಾಯಿತು.
ಮುಂದಿನ ಬಾತಿನ ನೆತ್ತಿಗೆ ಒಂದು ಕುಕ್ಕಿತು, ಜೋರಾಗಿಯೇ.
ಗಿನಿಗಳೆರಡು ಆ ಗಲಾಟೆಯಲ್ಲಿ
ಅದರ ರೆಕ್ಕೆಯಡಿ ನುಸುಳಿದವು.
ಅದು ಎಣಿಸಲಿಲ್ಲ.

ಗೂಡಿನಲ್ಲಿ ಉಳಿದದ್ದು ಎರಡು.
ಗಿನಿಯದು ನಾತ ಬಂತು, ತಿಪ್ಪೆಗೆ ಹಾಕಿದೆವು.
ತಿಳಿಹಸಿರಿನದು ಮಾತ್ರ, ಮೂವತ್ತೊಂದು ದಿನವಾದರೂ,
ಎಸೆಯಲು ಬಿಡಳು ಜೈತುನ್‌ಬಿ.
“ತಡೀ, ನೀನೇ ನೋಡು” ಎಂದು
ನನ್ನ ರೆಪ್ಪೆಗೂ ಇಟ್ಟಳು.
ಹಿಂದೆ ಅಕ್ಕಿ ಸಿಡಿಯುವ ಸದ್ದು.
ನನಗೇನೂ ಹೊರಳಿದ್ದು ತಿಳಿಯಲಿಲ್ಲ.
ಬೆಚ್ಚಗಿತ್ತು, ಅಷ್ಟೆ.
ಭಟ್ಟಿಯದೋ, ಅವಳ ಕೈಯದೋ.